ಆಲಮಟ್ಟಿ ಗೇಟು ಏರಿಸುವ ಮೊದಲು ನಮ್ಮ ಕಾಗದಗಳಿಗೊಂದು ಮನೆ ಕಟ್ಟಿ

ಮಾನ್ಯ ಜಲಸಂಪನ್ಮೂಲ ಸಚಿವರಿಗೆ, ಕೃಷ್ಣಾ ಭಾಗ್ಯ ಜಲ ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಕೆಲಸ ಮಾಡುವ ಎಲ್ಲ ಎಂಜಿನಿಯರ್‌ಗಳಿಗೆ,

ನಮಸ್ಕಾರ.

ನಾನು ಬಾಗಲಕೋಟೆಯ ನವನಗರದವಳು. ಹನ್ನೆರಡು ವರ್ಷದಿಂದ ರಸ್ತೆ, ಸೇತುವೆ, ನೀರಿನ ಕಾಮಗಾರಿಗಳಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿ ಕೆಲಸ ಮಾಡುತ್ತಿದ್ದೇನೆ. ಹಾಗಂದರೆ ಏನು ಅಂತ ನಮ್ಮ ಓಣಿಯವರೂ ಕೇಳುತ್ತಾರೆ. ಸೈಟಿಗೆ ಬರುವ ಮತ್ತು ಸೈಟಿನಿಂದ ಹೋಗುವ ಪ್ರತಿ ನಕ್ಷೆ, ಪತ್ರ, ಪರೀಕ್ಷಾ ವರದಿ, ಅಳತೆ ಪಟ್ಟಿಗೆ ನಂಬರ್ ಕೊಡುವುದು. ಅದು ಯಾರಿಗೆ ಬೇಕೋ ಅವರ ಕೈಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು. ಮುಟ್ಟಿದ್ದಕ್ಕೆ ದಾಖಲೆ ಇಡುವುದು. ಕಾಂಕ್ರೀಟ್ ಹಾಕುವವಳು ನಾನಲ್ಲ. ಆದರೆ ಯಾವ ನಕ್ಷೆ ನೋಡಿ ಹಾಕಬೇಕೋ ಆ ನಕ್ಷೆ ನನ್ನ ಟೇಬಲ್ ದಾಟಿಯೇ ಹೋಗಬೇಕು.

ನನ್ನ ಬೇಡಿಕೆ ಒಂದೇ. ಆಲಮಟ್ಟಿಯ ನೀರಿನ ಮಟ್ಟ ಏರಿಸಿ ಇನ್ನಷ್ಟು ಹೊಲಗಳಿಗೆ ನೀರು ಕೊಡುವ ಈ ಮೂರನೇ ಹಂತದ ಎಲ್ಲ ಕಾಮಗಾರಿಗೂ ಸೇರಿ ಒಂದೇ ಒಂದು ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ತನ್ನಿ. ಕೆಲಸ ಅರ್ಧ ಆದ ಮೇಲಲ್ಲ, ಮೊದಲ ದಿನವೇ. ಮುಳುಗುವ ಜಮೀನಿನ ಕಾಗದವೂ ಅದರಲ್ಲೇ ಇರಲಿ. ಜಮೀನು ಕೊಟ್ಟವರಿಗೆ ಅವರವರ ಕಾಗದ ಕಾಣುವಂತಿರಲಿ.

ಈಗಲೇ ಯಾಕೆ ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು. ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಿದ್ದೇವೆ. ಅದನ್ನು 524.256 ಮೀಟರ್‌ಗೆ ಏರಿಸಬಹುದು ಅಂತ ರಾಜ್ಯಗಳಿಗೆ ಕೃಷ್ಣೆಯ ನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಆ ತೀರ್ಪನ್ನು ಜಾರಿಗೆ ತರುವ ಗೆಜೆಟ್ ಅಧಿಸೂಚನೆಗೆ ಅಂದಿನಿಂದ ಕಾಯುತ್ತಾ ಇದ್ದೇವೆ. ಏರುವುದು ಬರೀ ನಾಲ್ಕೂವರೆ ಮೀಟರ್ ಚಿಲ್ಲರೆ. ಆದರೆ ಅದರ ಹಿಂದೆ ಮುಳುಗುವುದು ಸುಮಾರು 75 ಸಾವಿರ ಎಕರೆ. ಇಪ್ಪತ್ತು ಹಳ್ಳಿ, ಜೊತೆಗೆ ನಮ್ಮ ಹಳೇ ಬಾಗಲಕೋಟೆಯ ಉಳಿದ ಓಣಿಗಳು. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಈ ಜಮೀನಿಗೆ ದರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ.

ಎಕರೆಗೆ ಹತ್ತು ಲಕ್ಷದ ವ್ಯತ್ಯಾಸ. ಅದು ನೀರಾವರಿ ಹೊಲ ಹೌದೋ ಅಲ್ಲವೋ ಅನ್ನುವುದನ್ನು ತೋರಿಸುವುದು ಏನು? ಪಹಣಿಯ ಒಂದು ಕಾಲಂ, ಒಂದು ಬಾವಿಯ ನಮೂದು, ಒಂದು ಜಂಟಿ ಅಳತೆ ಪಟ್ಟಿ. ಅಂದರೆ ಕಾಗದ.

ಕಾಗದ ಕಳೆದರೆ ಏನಾಗುತ್ತದೆ ಅಂತ ನಮ್ಮ ಮನೆಯವರಿಗೆ ಗೊತ್ತು.

ನಮ್ಮ ಅಜ್ಜನ ಊರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ ಇತ್ತು. ಹೊಲ ನಾಲ್ಕು ಎಕರೆ ಚಿಲ್ಲರೆ. ಅದರಲ್ಲಿ ಅಜ್ಜ ಕಲ್ಲು ಕಟ್ಟಿಸಿದ ಬಾವಿ, ಬದುವಿನ ಮೇಲೆ ಹದಿನಾಲ್ಕು ಬೇವಿನ ಮರ, ಮೂರು ಮಾವು. ಹಿನ್ನೀರಿಗೆ ಹೊಲ ಹೋಗುವ ಮೊದಲು ಅಳೆಯಲು ಬಂದಿದ್ದರು. ಅಜ್ಜ ಸರಪಳಿ ಹಿಡಿದು ಅವರ ಜೊತೆ ಬಿಸಿಲಲ್ಲಿ ಓಡಾಡಿದ್ದನಂತೆ. ಒಂದೊಂದೇ ಮರ ಮುಟ್ಟಿ ಮುಟ್ಟಿ ಎಣಿಸಿ ಬರೆಸಿದ್ದ. ಪಟ್ಟಿಗೆ ಹೆಬ್ಬೆಟ್ಟು ಒತ್ತಿದ್ದ. ಆ ಪಟ್ಟಿಗೆ ನಮ್ಮ ಕಡೆ ಎಲ್ಲರೂ ಜೆಎಂಸಿ ಅನ್ನುತ್ತಾರೆ. ಅದರ ನಕಲು ಅಜ್ಜನ ಕೈಗೆ ಸಿಗಲಿಲ್ಲ.

ಆಮೇಲೆ ಪರಿಹಾರದ ನೋಟಿಸ್ ಬಂತು. ಅದರಲ್ಲಿ ಬಾವಿ ಇರಲಿಲ್ಲ. ಮರ ಐದೇ. ಅಜ್ಜ ಕಚೇರಿಗೆ ಹೋದ. ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ದೂರಿದರೆ ಈ ರೋಗ ಹೋಗುವುದಿಲ್ಲ. "ಮೂಲ ಪಟ್ಟಿ ಸಿಗವಲ್ದು, ಮುಂದಿನ ವಾರ ಬರ್ರಿ" ಅಂದರು. ಆ ಮುಂದಿನ ವಾರ ಬರಲು ಹನ್ನೊಂದು ವರ್ಷ ಹಿಡಿಯಿತು. ಒಂದು ದಿನ ಅಪ್ಪ ಇನ್ಯಾವುದೋ ಕೆಲಸಕ್ಕೆ ಹೋದಾಗ, ಒಬ್ಬ ಪುಣ್ಯಾತ್ಮ ಗುಮಾಸ್ತರು ಬೇರೆ ಊರಿನ ಕಟ್ಟು ಬಿಚ್ಚುತ್ತಿದ್ದರು. ಅದೇ ಕೆಂಪು ಬಟ್ಟೆಯ ಗಂಟಿನಲ್ಲಿ ನಮ್ಮ ಹೊಲದ ಪಟ್ಟಿ ಇತ್ತು. ಬಾವಿ ಇತ್ತು. ಅದರ ಆಳವೂ ಇತ್ತು. ಹದಿನಾಲ್ಕು ಬೇವು, ಮೂರು ಮಾವು. ಕೆಳಗೆ ಅಜ್ಜನ ಹೆಬ್ಬೆಟ್ಟು. ಅಜ್ಜ ಅಷ್ಟರಲ್ಲಿ ತೀರಿಕೊಂಡು ಎರಡು ವರ್ಷ ಆಗಿತ್ತು.

ಅಳೆದವರು ಮೋಸ ಮಾಡಿರಲಿಲ್ಲ. ಎಲ್ಲ ಸರಿಯಾಗಿಯೇ ಬರೆದಿದ್ದರು. ಕಾಗದ ತಪ್ಪು ಗಂಟಿಗೆ ಹೋಗಿತ್ತು, ಅಷ್ಟೇ. ನಾನು ಈ ಉದ್ಯೋಗಕ್ಕೆ ಬರಲು ಇದೂ ಒಂದು ಕಾರಣ.

ಸೈಟಿನಲ್ಲೂ ಇಂಥದ್ದೇ ನೋಡಿದ್ದೇನೆ. ನಾನಿದ್ದ ಒಂದು ಸೇತುವೆ ಕಾಮಗಾರಿ, ಕಂಪನಿಯ ಹೆಸರು ಬೇಡ. ಕಂಬದ ತಲೆಯ ಮೇಲೆ ಕೂರುವ ಪಿಯರ್ ಕ್ಯಾಪ್‌ಗೆ ಸರಳು ಕಟ್ಟುತ್ತಿದ್ದರು. ಮೊದಲ ನಕ್ಷೆಯಲ್ಲಿ, ಅಂದರೆ ಆರ್‌1ರಲ್ಲಿ, 20 ಎಂಎಂ ಸರಳು ಇತ್ತು. ಆಮೇಲೆ ಲೆಕ್ಕ ಪರಿಶೀಲಿಸಿದವರು ಅದು ಸಾಲದು ಅಂತ 25 ಎಂಎಂ ಮಾಡಿಸಿದರು. ಆರ್‌3 ಬಂತು. ಆದರೆ ಅದು ಬಂದದ್ದು ರಜೆ ಮೇಲೆ ಊರಿಗೆ ಹೋಗಿದ್ದ ಒಬ್ಬ ಎಂಜಿನಿಯರರ ಇಮೇಲಿಗೆ. ಒಂಬತ್ತು ದಿನ ಅಲ್ಲೇ ಬಿದ್ದಿತ್ತು. ಅಷ್ಟರಲ್ಲಿ ರಾತ್ರಿ ಕಾಂಕ್ರೀಟ್ ಹಾಕಿ ಮುಗಿಸಿದರು. ಮೂರನೇ ದಿನ ಬಿಲ್ಲಿಗೆ ಕಬ್ಬಿಣದ ಲೆಕ್ಕ ತಾಳೆ ನೋಡುವಾಗ ಗೊತ್ತಾಯಿತು.

ಬ್ರೇಕರ್ ತಂದು ಆರು ದಿನ ಒಡೆದರು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸರಳು ಕಟ್ಟಿದ ಮೇಸ್ತ್ರಿ ತಾಳಿಕೋಟೆ ಕಡೆಯವರು. ಅವರು ನನ್ನ ಬಳಿ ಬಂದು ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ನಕ್ಷೆ ತೆಗೆದರು. ಚಹಾದ ಕಲೆ, ಎಣ್ಣೆ ಕೈಯ ಗುರುತು, ಮಡಿಕೆ ಬಿದ್ದಲ್ಲಿ ಹರಿದಿತ್ತು. "ನೋಡ್ರಿ ಅಕ್ಕಾರ, ನನ್ನ ಕೈಗೆ ಕೊಟ್ಟಿದ್ದು ಇದೇ ಕಾಗದ. ಇದರಾಗ ಇದ್ದಂಗ ಕಟ್ಟೀನಿ. ಇದು ಹಳೇದು ಅಂತ ನಂಗ ಹ್ಯಾಂಗ ತಿಳೀಬೇಕು?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ನಕ್ಷೆಯ ಮೇಲೆ ಅದು ಹಳೆಯದು ಅಂತ ಹೇಳುವ ಒಂದು ಗುರುತೂ ಇರಲಿಲ್ಲ.

ಒಳ್ಳೆಯ ಸಾಫ್ಟ್‌ವೇರ್ ಮೊದಲು ಉತ್ತರ ಕೊಡುವುದೇ ಆ ಮೇಸ್ತ್ರಿಯ ಪ್ರಶ್ನೆಗೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನಿಯರ್‌ಗಳಿಗೆ ಗೊತ್ತಿರುವ ಮಾತೇ. ಆದರೆ ಈ ಪತ್ರವನ್ನು ನಮ್ಮ ಹಳ್ಳಿಗಳವರೂ ಓದಲಿ ಅಂತ ನನ್ನಾಸೆ.

ಪ್ರತಿ ಕಾಗದಕ್ಕೂ ಒಂದೇ ನಂಬರ್, ಒಂದೇ ಜಾಗ. ಅದು ಯಾವ ಕಾಮಗಾರಿಯದು, ಕಾಲುವೆಯ ಎಷ್ಟನೇ ಕಿಲೋಮೀಟರಿನದು, ಯಾವ ಬಗೆಯದು, ಎಷ್ಟನೇ ತಿದ್ದುಪಡಿ ಅನ್ನುವುದು ಆ ನಂಬರಿನಲ್ಲೇ ಗೊತ್ತಾಗಬೇಕು. ಹೊಸ ತಿದ್ದುಪಡಿ ಬಂದ ಕೂಡಲೇ ಹಳೆಯದರ ಮೇಲೆ "ರದ್ದು" ಅಂತ ತಾನಾಗಿ ಬೀಳುತ್ತದೆ. ಹಳೆಯದು ಅಳಿಯುವುದಿಲ್ಲ. ಹಿಂದೆ ಸರಿದು ಇತಿಹಾಸವಾಗಿ ಕೂರುತ್ತದೆ. ಹೊಸದು ಬಂದಿದೆ ಅಂತ ಒಬ್ಬರ ಇಮೇಲಿಗಲ್ಲ, ಆ ಕೆಲಸಕ್ಕೆ ಸಂಬಂಧಪಟ್ಟ ಎಲ್ಲರಿಗೂ ಸೂಚನೆ ಹೋಗುತ್ತದೆ. ಯಾರು ತೆರೆದರು, ಎಷ್ಟು ಗಂಟೆಗೆ ತೆರೆದರು, ಯಾರು ತೆರೆಯಲೇ ಇಲ್ಲ ಅನ್ನುವುದೂ ದಾಖಲಾಗುತ್ತದೆ. ರಜೆಯಲ್ಲಿದ್ದವರು ನೋಡದೇ ಹೋದರೆ ಮೂರನೇ ದಿನ ಅವರ ಮೇಲಿನವರಿಗೆ ಗೊತ್ತಾಗುವಂತೆ ಮಾಡಬಹುದು.

ಇನ್ನು ಸೈಟಿನಲ್ಲಿ ಮುದ್ರಿಸಿಕೊಟ್ಟ ನಕ್ಷೆ. ಕಂಪ್ಯೂಟರಿನಲ್ಲಿ ಎಲ್ಲ ಸರಿಯಿದ್ದರೂ ಮೇಸ್ತ್ರಿಯ ಜೇಬಿನಲ್ಲಿರುವುದು ಕಾಗದವೇ ಅಲ್ವಾ? ಅದಕ್ಕೆ ನಕ್ಷೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಫೋನ್‌ಪೇಗೆ ಸ್ಕ್ಯಾನ್ ಮಾಡಿದಂತೆ ಅದನ್ನು ಸ್ಕ್ಯಾನ್ ಮಾಡಿದರೆ ಸಾಕು. ಹಸಿರು ಬಂದರೆ ಇದೇ ಈಗಿನ ನಕ್ಷೆ, ಕೆಂಪು ಬಂದರೆ ಹಳೆಯದು. ಇಂಗ್ಲಿಷ್ ಓದಬೇಕಾಗಿಲ್ಲ, ಆರ್‌1, ಆರ್‌3 ಅಂತ ತಿಳಿದುಕೊಳ್ಳಬೇಕಾಗಿಲ್ಲ. ಮುಂದೆ ಕೆಲಸ ಮಾಡಿದ ಒಂದು ಕಡೆ ನಾವು ಇದನ್ನು ತಂದೆವು. ಮೊದಲ ವಾರ ಎಲ್ಲರೂ ಬೇಸರ ಮಾಡಿಕೊಂಡರು. ಎರಡನೇ ತಿಂಗಳಿಗೆ ಸೆಂಟ್ರಿಂಗ್ ಹುಡುಗರೇ "ಅಕ್ಕಾ, ಇದು ಕೆಂಪ ಬಂತ್ರಿ" ಅಂತ ನಕ್ಷೆ ಹಿಡಿದು ಓಡಿ ಬರುತ್ತಿದ್ದರು. ನನ್ನ ಹನ್ನೆರಡು ವರ್ಷದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಅದೇ.

ಇದು ಯಾರೋ ಒಬ್ಬರ ಸ್ವಂತ ಯೋಚನೆ ಅಲ್ಲ. 2018ರಲ್ಲಿ ಬಂದ ಐಎಸ್‌ಒ 19650 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದನ್ನೇ ಹೇಳುತ್ತದೆ. ಒಂದು ಯೋಜನೆಗೆ ಮಾಹಿತಿಯ ಒಂದೇ ಸಾಮಾನ್ಯ ಜಾಗ ಇರಬೇಕು. ಅಲ್ಲಿ ಪ್ರತಿ ದಾಖಲೆಯೂ ನಾಲ್ಕು ಸ್ಥಿತಿ ದಾಟುತ್ತದೆ. ತಯಾರಾಗುತ್ತಿರುವುದು, ಬೇರೆಯವರ ಜೊತೆ ಹಂಚಿಕೊಂಡದ್ದು, ಒಪ್ಪಿಗೆ ಪಡೆದು ಹೊರಬಂದದ್ದು, ಆಮೇಲೆ ಕಾಪಿಟ್ಟದ್ದು. ಒಪ್ಪಿಗೆ ಆಗದ್ದನ್ನು ನೋಡಿ ಯಾರೂ ಕಟ್ಟುವ ಹಾಗಿಲ್ಲ. ಹೆದ್ದಾರಿ ಪ್ರಾಧಿಕಾರ 2020ರಲ್ಲಿ ಡೇಟಾ ಲೇಕ್ ಅನ್ನುವ ಪೋರ್ಟಲ್ ತಂದು ಗುತ್ತಿಗೆದಾರರ ಜೊತೆಗಿನ ಪತ್ರ ವ್ಯವಹಾರವನ್ನೆಲ್ಲ ಅದರ ಮೂಲಕವೇ ನಡೆಸಲು ಶುರು ಮಾಡಿತು. ನಾಗ್ಪುರ ಮೆಟ್ರೊ ಕಟ್ಟುವಾಗಲೂ ನಕ್ಷೆ, ವೇಳಾಪಟ್ಟಿ, ಖರ್ಚು ಮೂರನ್ನೂ ಒಂದೇ ಡಿಜಿಟಲ್ ವ್ಯವಸ್ಥೆಗೆ ಕಟ್ಟಿದರು. ಅಷ್ಟು ದೂರ ಯಾಕೆ ಹೋಗಬೇಕು? ಭೂಮಿ ಯೋಜನೆಯಲ್ಲಿ ಇಡೀ ರಾಜ್ಯದ ಪಹಣಿಯನ್ನು ಕಂಪ್ಯೂಟರಿಗೆ ತಂದವರು ನಾವೇ. ಆಗಲೂ ಆಗುವುದಿಲ್ಲ ಅಂದವರು ಜಾಸ್ತಿ ಇದ್ದರು. ಇವತ್ತು ಕೈಬರಹದ ಪಹಣಿಯನ್ನು ಯಾರೂ ಕೇಳುವುದಿಲ್ಲ.

"ನಮ್ಮಲ್ಲಿ ಇ-ಆಫೀಸ್ ಇದೆಯಲ್ಲಮ್ಮ" ಅಂತ ಹಿರಿಯ ಎಂಜಿನಿಯರರೊಬ್ಬರು ನನಗೆ ಹೇಳಿದ್ದರು. ಇದೆ, ಅದು ಒಳ್ಳೆಯದೇ. ಆದರೆ ಇ-ಆಫೀಸ್ ಇರುವುದು ಕಡತ ಟೇಬಲ್‌ನಿಂದ ಟೇಬಲ್‌ಗೆ ಹೋಗಲು, ಟಿಪ್ಪಣಿ ಬರೆಯಲು, ಮಂಜೂರಾತಿ ಕೊಡಲು. ಕಾಲುವೆಯನ್ನು ಹಳ್ಳದ ಮೇಲೆ ದಾಟಿಸುವ ಒಂದು ಅಕ್ವಡಕ್ಟಿನ ನಕ್ಷೆಯ ನಾಲ್ಕು ತಿದ್ದುಪಡಿಗಳಲ್ಲಿ ಯಾವುದು ಈಗ ಸೈಟಿನಲ್ಲಿದೆ ಅಂತ ಅದು ಹೇಳುವುದಿಲ್ಲ. ಕಾಂಕ್ರೀಟ್ ಹಾಕುವ ಮೊದಲು ಪರೀಕ್ಷಿಸಿದ ಚೀಟಿ, ಕಾಂಕ್ರೀಟಿನ ಗಟ್ಟಿತನ ನೋಡುವ 7 ದಿನದ ಮತ್ತು 28 ದಿನದ ಕ್ಯೂಬ್ ಪರೀಕ್ಷೆಯ ಫಲಿತಾಂಶ, ಅಳತೆ ಪುಸ್ತಕದ ಪುಟ, ಇವೆಲ್ಲ ಆ ನಕ್ಷೆಯ ಜೊತೆ ಕೊಂಡಿ ಹಾಕಿಕೊಂಡಿರಬೇಕು. ಒಂದನ್ನು ಎಳೆದರೆ ಎಲ್ಲ ಬರಬೇಕು. ಅದಕ್ಕೆ ಬೇರೆಯೇ ಸಾಫ್ಟ್‌ವೇರ್ ಬೇಕು.

ಮತ್ತೆ ವಾಟ್ಸ್ಆ್ಯಪ್. ಇದನ್ನು ಕೈಮುಗಿದು ಕೇಳುತ್ತೇನೆ. ಇವತ್ತು ನಮ್ಮ ಸೈಟುಗಳೆಲ್ಲ ನಡೆಯುವುದು ವಾಟ್ಸ್ಆ್ಯಪ್ ಗುಂಪುಗಳಲ್ಲಿ. ನಕ್ಷೆಯ ಫೋಟೋ ಅಲ್ಲಿ, ಒಪ್ಪಿಗೆಯ ಹೆಬ್ಬೆರಳು ಅಲ್ಲಿ. ಫೋನ್ ಬದಲಾದರೆ ಎಲ್ಲ ಹೋಯಿತು. ಎಂಜಿನಿಯರ್ ವರ್ಗ ಆಗಿ ಹೋದರೆ ದಾಖಲೆಯೂ ಅವರ ಜೊತೆ ವರ್ಗ ಆಗುತ್ತದೆ. ಮಾತಾಡಲು ವಾಟ್ಸ್ಆ್ಯಪ್ ಇರಲಿ. ಆದರೆ ವಾಟ್ಸ್ಆ್ಯಪಿನಲ್ಲಿ ಬಂದ ನಕ್ಷೆ ನೋಡಿ ಯಾವ ಕೆಲಸವೂ ಮಾಡಬಾರದು ಅಂತ ಸುತ್ತೋಲೆ ಹೊರಡಿಸಿ.

ಈಗ ಮತ್ತೆ ಜಮೀನಿನ ಮಾತಿಗೆ ಬರುತ್ತೇನೆ. ನನಗೆ ಇದರ ಬಗ್ಗೆಯೇ ಜಾಸ್ತಿ ಚಿಂತೆ. ಕಾಮಗಾರಿಯ ಕಾಗದಕ್ಕೆ ಒಂದು ವ್ಯವಸ್ಥೆ, ಭೂಸ್ವಾಧೀನದ ಕಾಗದಕ್ಕೆ ಇನ್ನೊಂದು, ಪುನರ್ವಸತಿಗೆ ಮತ್ತೊಂದು ಅಂತ ಮಾಡಿದರೆ ಹಳೇ ಕೆಂಪು ಗಂಟೇ ಮತ್ತೆ ಕಂಪ್ಯೂಟರಿನಲ್ಲಿ ಬರುತ್ತದೆ. ಒಂದು ಸರ್ವೆ ನಂಬರ್ ಒತ್ತಿದರೆ ಆ ಹೊಲದ ಅಧಿಸೂಚನೆ, ಜಂಟಿ ಅಳತೆ ಪಟ್ಟಿ, ಮರ-ಬಾವಿ-ಮನೆಯ ಫೋಟೋ, ಐತೀರ್ಪು (ಪರಿಹಾರ ಎಷ್ಟು ಅಂತ ಗೊತ್ತುಮಾಡುವ ಆದೇಶ), ಹಣ ಜಮಾ ಆದ ದಿನ, ಪುನರ್ವಸತಿ ಕೇಂದ್ರದಲ್ಲಿ ಕೊಟ್ಟ ನಿವೇಶನದ ಹಕ್ಕುಪತ್ರ, ಎಲ್ಲ ಒಂದೇ ಸಾಲಿನಲ್ಲಿ ಬರಬೇಕು.

ಹೆಸರಿನ ಮೇಲೆ ಹುಡುಕುವ ವ್ಯವಸ್ಥೆ ಮಾಡಬೇಡಿ. ಇದು ಕೆಲಸ ಮಾಡಿ ಕಲಿತ ಪಾಠ. ಒಬ್ಬರೇ ಮನುಷ್ಯ ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಶಿವಪ್ಪ ಅಂತ ಒಂದು ಕಡೆ, ಶಿವಪ್ಪಾ ಅಂತ ಇನ್ನೊಂದು ಕಡೆ. ಅಡ್ಡಹೆಸರು ಒಮ್ಮೆ ಪಾಟೀಲ, ಒಮ್ಮೆ ಪಾಟೀಲ್. ಕಂಪ್ಯೂಟರಿಗೆ ಅವರು ಬೇರೆ ಬೇರೆ ಜನ. ಊರು, ಸರ್ವೆ ನಂಬರ್, ಹಿಸ್ಸಾ (ಆ ನಂಬರಿನೊಳಗಿನ ಪಾಲು), ಈ ಮೂರೇ ಕೀಲಿ ಆಗಲಿ. ಹಿಸ್ಸಾ ಅಕ್ಷರವನ್ನು ಎಲ್ಲರೂ ಒಂದೇ ರೀತಿ ಬರೆಯಬೇಕು. ಒಬ್ಬರು 2ಬ ಅಂತ ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹುಡುಕಿದಾಗ ಹೊಲ ಸಿಗುವುದೇ ಇಲ್ಲ. ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಕಾಗದ ಕಳೆಯುವುದು ಇಲ್ಲೇ.

ಹಾಗೇ, ಸ್ಕ್ಯಾನ್ ಮಾಡಿದರೆ ಡಿಜಿಟಲ್ ಆಯಿತು ಅಂತ ತಿಳಿಯಬೇಡಿ. ಹೊರಗಿನ ಏಜೆನ್ಸಿಗೆ ಕೊಟ್ಟು ಪುಟಕ್ಕಿಷ್ಟು ಅಂತ ಸ್ಕ್ಯಾನ್ ಮಾಡಿಸಿ, "ಸ್ಕ್ಯಾನ್ 0001" ಅಂತ ಹೆಸರಿಟ್ಟ ಸಾವಿರಾರು ಪಿಡಿಎಫ್ ತುಂಬಿದ ಹಾರ್ಡ್ ಡಿಸ್ಕನ್ನು ನಾನು ನೋಡಿದ್ದೇನೆ. ಅದರಲ್ಲಿ ಬೇಕಾದ್ದನ್ನು ಹುಡುಕುವುದಕ್ಕಿಂತ ಗಂಟು ಬಿಚ್ಚುವುದೇ ಬೇಗ. ಪ್ರತಿ ಪುಟ ಯಾವ ಊರಿನದು, ಯಾವ ನಂಬರಿನದು ಅಂತ ಓದಿ ನಮೂದಿಸುವ ಜನ ಬೇಕು. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿ ಇದ್ದದ್ದು. ಹಳೇ ಕಾಗದಗಳಲ್ಲಿ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯವೂ ಇವೆ. ಅವನ್ನು ಓದಬಲ್ಲ ಹಿರಿಯರು ಇನ್ನು ಎಷ್ಟು ದಿನ ಇರುತ್ತಾರೆ? ಅವರು ಇರುವಾಗಲೇ ಜೊತೆಗೆ ಕೂರಿಸಿಕೊಂಡು ಆ ಕೆಲಸ ಮುಗಿಸಿ. ಇಳಕಲ್, ಬೀಳಗಿ, ಕೊಲ್ಹಾರ, ಬಸವನ ಬಾಗೇವಾಡಿ ಕಡೆಯ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರಿಗೆ ಮೂರು ತಿಂಗಳು ಕಲಿಸಿದರೆ ಈ ಕೆಲಸ ಚೆನ್ನಾಗಿ ಮಾಡುತ್ತಾರೆ. ಊರುಗಳ ಹೆಸರು, ಹೊಲಗಳ ಹೆಸರು ಅವರಿಗೆ ಗೊತ್ತಿರುತ್ತದೆ. ಬೇರೆ ರಾಜ್ಯದ ಏಜೆನ್ಸಿಗೆ ಅದು ಹೇಗೆ ಗೊತ್ತಾಗಬೇಕು?

ಜಂಟಿ ಅಳತೆಯ ದಿನವೇ, ಹೊಲದಲ್ಲೇ, ಟ್ಯಾಬ್‌ನಲ್ಲಿ ನಮೂದು ಮಾಡಿ. ಬಾವಿಯ ಮುಂದೆ ರೈತರನ್ನು ನಿಲ್ಲಿಸಿ ಫೋಟೋ ತೆಗೆಯಿರಿ, ಜಾಗದ ಜಿಪಿಎಸ್ ಗುರುತು ಅದರಲ್ಲೇ ಬರಲಿ. ನೆಟ್‌ವರ್ಕ್ ಇಲ್ಲದ ಕಡೆ ಟ್ಯಾಬ್‌ನಲ್ಲೇ ಉಳಿದು, ಊರಿಗೆ ಬಂದಾಗ ತಾನಾಗಿ ಹೋಗಿ ಸೇರುವ ವ್ಯವಸ್ಥೆ ಈಗ ಎಲ್ಲ ಒಳ್ಳೆಯ ಸಾಫ್ಟ್‌ವೇರಿನಲ್ಲೂ ಇದೆ. ಅಳತೆ ಮುಗಿದ ಕೂಡಲೇ ಒಂದು ಪ್ರತಿ ರೈತರ ಮೊಬೈಲಿಗೆ, ಒಂದು ಪ್ರತಿ ಕಾಗದದಲ್ಲಿ ಕೈಗೆ ಕೊಡಿ. ಕನ್ನಡದಲ್ಲಿ. ಆಮೇಲೆ ಯಾರಾದರೂ ಆ ಪಟ್ಟಿಯಲ್ಲಿ ಒಂದು ಅಂಕಿ ಬದಲಿಸಿದರೆ ಯಾರು, ಯಾವಾಗ, ಯಾಕೆ ಬದಲಿಸಿದರು ಅಂತ ರೈತರಿಗೂ ಗೊತ್ತಾಗಬೇಕು. ಪ್ರತಿಯೊಬ್ಬರ ಫೈಲು ಎಲ್ಲರಿಗೂ ಕಾಣಬೇಕು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಆಧಾರ್ ಇರುತ್ತದೆ, ಪಾಸ್‌ಬುಕ್ ಇರುತ್ತದೆ, ಮನೆಯವರ ಜಗಳದ ವಾಟ್ನಿ (ಆಸ್ತಿ ಪಾಲಿನ) ಪತ್ರ ಇರುತ್ತದೆ. ಅವರವರದು ಅವರವರಿಗೆ ಕಂಡರೆ ಸಾಕು.

ಇದು ಸರ್ಕಾರಕ್ಕೂ ಲಾಭ. ಜಮೀನು ವಶಕ್ಕೆ ಪಡೆದ ಮೇಲೂ ಪರಿಹಾರ ಕೊಡದಿದ್ದರೆ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮೊದಲ ವರ್ಷ ಶೇಕಡ 9, ಆಮೇಲೆ ಶೇಕಡ 15 ಬಡ್ಡಿ ಕೊಡಬೇಕು. ಅಂತಿಮ ಘೋಷಣೆ ಆದ 12 ತಿಂಗಳಲ್ಲಿ ಐತೀರ್ಪು ಹೊರಡಿಸದಿದ್ದರೆ ಆ ಪ್ರಕ್ರಿಯೆಯೇ ಬಿದ್ದುಹೋಗುತ್ತದೆ. ಒಂದು ಪಟ್ಟಿ ಹುಡುಕುವುದರಲ್ಲಿ ಹನ್ನೊಂದು ವರ್ಷ ಕಳೆದರೆ ಆ ಬಡ್ಡಿ ಯಾರ ದುಡ್ಡು? ಗುತ್ತಿಗೆದಾರರ ಜೊತೆಗಿನ ವ್ಯಾಜ್ಯವೂ ಹಾಗೇ. ಜಮೀನು ಯಾವ ದಿನ ಕೊಟ್ಟಿರಿ, ನಕ್ಷೆ ಯಾವ ದಿನ ಕೊಟ್ಟಿರಿ, ಕೆಲಸ ಎಷ್ಟು ದಿನ ಯಾರಿಂದ ನಿಂತಿತು ಅನ್ನುವುದರ ಮೇಲೆಯೇ ಮಧ್ಯಸ್ಥಿಕೆಯಲ್ಲಿ ತೀರ್ಮಾನ ಆಗುವುದು. ಪತ್ರ ಇಟ್ಟುಕೊಂಡವರು ಗೆಲ್ಲುತ್ತಾರೆ. ಗುತ್ತಿಗೆದಾರರ ಬಳಿ ಪ್ರತಿ ಪತ್ರವೂ ಇರುತ್ತದೆ. ಅವರ ಕಡೆ ಕೂತು ಆ ಪತ್ರಗಳನ್ನು ಜೋಡಿಸಿಟ್ಟವಳು ನಾನೇ. ಎದುರಿನವರು ತಮ್ಮದೇ ಪತ್ರದ ನಕಲನ್ನು ನಮ್ಮಿಂದ ಕೇಳಿ ತರಿಸಿಕೊಂಡದ್ದನ್ನೂ ನೋಡಿದ್ದೇನೆ. ಅವತ್ತು ನನಗೆ ಹೆಮ್ಮೆ ಆಗಲಿಲ್ಲ, ಸಂಕಟ ಆಯಿತು.

ಇನ್ನು ಟೆಂಡರಿನ ವಿಷಯ. ಇದನ್ನು ಬರೆಯದೇ ಬಿಟ್ಟರೆ ಮೇಲಿನದೆಲ್ಲ ಸುಮ್ನೆ. ಸಾಫ್ಟ್‌ವೇರನ್ನು ಗುತ್ತಿಗೆದಾರರು ತರಲಿ ಅಂತ ಬಿಡಬೇಡಿ. ನಿಗಮವೇ ಕೊಳ್ಳಲಿ, ಅದಕ್ಕೆ ನಿಗಮವೇ ಮಾಲೀಕ ಆಗಲಿ. ನಾನಿದ್ದ ಒಂದು ಕಾಮಗಾರಿಯಲ್ಲಿ ಸಾಫ್ಟ್‌ವೇರ್ ಕಂಪನಿಯದಾಗಿತ್ತು, ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಟುವಂಥದ್ದು. ಕೆಲಸ ಮುಗಿದು ಆರು ತಿಂಗಳಿಗೆ ಬಾಡಿಗೆ ನಿಲ್ಲಿಸಿದರು. ಎರಡು ವರ್ಷದ ಮೇಲೆ ಒಂದು ಪೈಪ್‌ಲೈನಿನ ಜೋಡಣೆಯಲ್ಲಿ ನೀರು ಸೋರಿತು. ಅಲ್ಲಿ ಯಾವ ವಾಲ್ವ್ ಹಾಕಿದ್ದಾರೆ ಅಂತ ನೋಡಲು ನಕ್ಷೆ ಬೇಕು. ಆ ಸಾಫ್ಟ್‌ವೇರಿನ ಬಾಗಿಲೇ ತೆರೆಯಲಿಲ್ಲ. ಕೊನೆಗೆ ಅಗೆದು ನೋಡಿದರು. ಅದಕ್ಕೇ ಕೆಲಸ ಮುಗಿದಾಗ ಕಟ್ಟಿದ್ದನ್ನು ಕಟ್ಟಿದಂತೆ ತೋರಿಸುವ ಅಂತಿಮ ನಕ್ಷೆಗಳು, ಸೂಚಿಯ ಸಮೇತ, ಯಾವ ಕಂಪ್ಯೂಟರಿನಲ್ಲೂ ತೆರೆಯುವ ರೂಪದಲ್ಲಿ ನಿಗಮದ ಕೈಗೆ ಬಂದ ಮೇಲೆಯೇ ಕೊನೆಯ ಬಿಲ್ಲು ಪಾಸಾಗಲಿ. ಪ್ರತಿ ಪ್ಯಾಕೇಜಿನಲ್ಲೂ, ಅಂದರೆ ಗುತ್ತಿಗೆಗೆ ಕೊಟ್ಟ ಪ್ರತಿ ಕಾಮಗಾರಿಯಲ್ಲೂ, ಡಾಕ್ಯುಮೆಂಟ್ ಕಂಟ್ರೋಲರ್ ಹುದ್ದೆ ಟೆಂಡರಿನಲ್ಲೇ ಇರಲಿ. ನಿಗಮದ ಕಡೆಯೂ ಒಬ್ಬರು ಇರಲಿ. ಮುಳವಾಡ, ಚಿಮ್ಮಲಗಿ, ಹೆರಕಲ್, ಇಂಡಿ ಅಂತ ಏತ ನೀರಾವರಿಗಳು ಬೇರೆ ಬೇರೆ ಇದ್ದರೂ ನಂಬರ್ ಕೊಡುವ ಪದ್ಧತಿ ಒಂದೇ ಇರಲಿ.

ಅಣೆಕಟ್ಟು ನೂರು ವರ್ಷ ನಿಲ್ಲಬೇಕು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರೆಯಲ್ಲಿ 19ನೇ ಗೇಟಿನ ಚೈನ್ ಕಿತ್ತು ಗೇಟೇ ಕೊಚ್ಚಿಹೋಯಿತಲ್ಲ, ನಾವೆಲ್ಲ ಟಿವಿ ಮುಂದೆ ಉಸಿರು ಹಿಡಿದು ಕೂತಿದ್ದೆವು. ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತಡೆ ಇಳಿಸಿ ನೀರು ಉಳಿಸಿದ ಎಂಜಿನಿಯರ್‌ಗಳಿಗೂ ಕೆಲಸಗಾರರಿಗೂ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಅಂಥ ಹೊತ್ತಿನಲ್ಲಿ ಎಪ್ಪತ್ತು ವರ್ಷದ ಹಿಂದಿನ ಒಂದು ಅಳತೆ, ಒಂದು ನಕ್ಷೆ ಎಷ್ಟು ಬೆಲೆಬಾಳುತ್ತದೆ ಅಂತ ಯೋಚಿಸಿ. ಆಲಮಟ್ಟಿಗೆ 26 ಗೇಟು. ಈಗ ಅವುಗಳಿಗೆ ಮಾಡುವ ಪ್ರತಿ ಬದಲಾವಣೆಯ ನಕ್ಷೆ, ಪ್ರತಿ ಬೆಸುಗೆಯ ಪರೀಕ್ಷಾ ವರದಿ ಇನ್ನೂ ಹುಟ್ಟದ ಎಂಜಿನಿಯರ್‌ಗೆ ಬೇಕಾಗುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ದಾಖಲೆ ಇಡುವುದನ್ನು ಅಣೆಕಟ್ಟಿನ ಮಾಲೀಕರ ಹೊಣೆ ಅಂತಲೇ ಹೇಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ, ಕಂಪ್ಯೂಟರಿಗೆ ತರಬೇಕು ಅಂತ ಇಪ್ಪತ್ತು ವರ್ಷದ ಹಿಂದೆಯೇ ಹೇಳಿದೆ. ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ.

ಒಂದು ಊರಿನಿಂದ ಶುರು ಮಾಡಿ. ಇಪ್ಪತ್ತರಲ್ಲಿ ಯಾವುದಾದರೂ ಸರಿ. ಆ ಊರಿನ ಎಲ್ಲ ಸರ್ವೆ ನಂಬರಿನ ಕಾಗದ ಒಂದು ಕಡೆ ತಂದು, ಗ್ರಾಮ ಪಂಚಾಯ್ತಿಯಲ್ಲಿ ಒಂದು ಕಂಪ್ಯೂಟರ್ ಇಟ್ಟು, ಜನ ಬಂದು ತಮ್ಮ ಹೊಲದ ಪಟ್ಟಿ ನೋಡಿ ತಪ್ಪಿದ್ದರೆ ಹೇಳಲಿ. ಎಲ್ಲಿ ಎಡವುತ್ತೇವೆ ಅಂತ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. ಉಳಿದ ಊರುಗಳಿಗೆ ಅದನ್ನು ತಿದ್ದಿಕೊಂಡು ಹೋಗಬಹುದು.

ಆ ಕೆಲಸಕ್ಕೆ ಜನ ಬೇಕಾದರೆ ಕರೆಯಿರಿ. ಭಾನುವಾರವೂ ಬರುತ್ತೇನೆ. ನಂಬರ್ ಕೊಡುವ ಪದ್ಧತಿಯ ಒಂದು ಕರಡು ನನ್ನ ಬಳಿ ತಯಾರಿದೆ, ಕನ್ನಡದಲ್ಲೇ ಮಾಡಿದ್ದೇನೆ. ಹುಡುಗ ಹುಡುಗಿಯರಿಗೆ ಕಲಿಸಲು ಅಜ್ಜನ ಜೆಎಂಸಿಯನ್ನೂ ತರುತ್ತೇನೆ. ಒಂದು ಪಟ್ಟಿಯಲ್ಲಿ ಏನೇನು ಓದಿ ನಮೂದಿಸಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು. ಅಕ್ಷರ ಮುತ್ತಿನಂತಿವೆ, ಬಾವಿಯ ಆಳ ಅಡಿಯಲ್ಲೂ ಇದೆ, ಮೀಟರಿನಲ್ಲೂ ಇದೆ.

ಇಂತಿ ನಮಸ್ಕಾರಗಳೊಂದಿಗೆ,

ನವನಗರದ ಒಬ್ಬ ಡಾಕ್ಯುಮೆಂಟ್ ಕಂಟ್ರೋಲರ್
ಬಾಗಲಕೋಟೆ